ಹೆಜ್ಜೇನಿನ ಅಲೆಯೂ ಕೊಂಡಿಯೂ

ಮಾನ್ವಿಯ ಸುತ್ತಲಿನ ಬಂಡೆಗುಡ್ಡಗಳಲ್ಲಿಯೋ, ಎತ್ತರದ ನೀರಿನ ತೊಟ್ಟಿಯ ಅಡಿಯಲ್ಲಿಯೋ ಕಪ್ಪು ಪರದೆಯಂತೆ ಜೋತುಬಿದ್ದ ಹೆಜ್ಜೇನಿನ ಗೂಡನ್ನು ನೀವು ನೋಡಿರಬಹುದು. ಅದನ್ನು ಕಂಡೊಡನೆ ಹುಡುಗರ ಕೈ ಕಲ್ಲನ್ನು ಹುಡುಕುವುದು. ಕಲ್ಲನ್ನು ಕೆಳಗೆ ಹಾಕಿ, ದೂರದಲ್ಲಿ ಸದ್ದಿಲ್ಲದೆ ನಿಂತು ಆ ಪರದೆಯನ್ನು ದಿಟ್ಟಿಸಿರೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದುಂಟು. ಭೌತಶಾಸ್ತ್ರದ ಒಂದು ಪಾಠವೂ, ಪ್ರಾಣ ಉಳಿಸುವ ಒಂದು ತಿಳಿವಳಿಕೆಯೂ ಅಲ್ಲಿ ದೊರೆಯುತ್ತವೆ.

ಪರದೆಯ ಮೇಲಿನ ಅಲೆ

ಗೂಡಿನ ಬಳಿ ದೊಡ್ಡ ಕಡಜವೊಂದು ಸುಳಿಯಿತೆನ್ನಿ. ಒಂದೆಡೆಯ ಕೆಲವು ಹುಳುಗಳು ತಮ್ಮ ಹೊಟ್ಟೆಯ ಭಾಗವನ್ನು ಥಟ್ಟನೆ ಮೇಲೆತ್ತುತ್ತವೆ. ಅವುಗಳಿಂದ ಸುಳಿವು ಪಡೆದ ನೆರೆಯ ಹುಳುಗಳೂ, ಅವುಗಳ ನೆರೆಯವೂ ಹಾಗೆಯೇ ಮಾಡುತ್ತವೆ. ಒಂದು ಸೆಕೆಂಡು ಕಳೆಯುವುದರೊಳಗಾಗಿ ಮಿನುಗುವ ಅಲೆಯೊಂದು ಗೂಡಿನ ಮೇಲೆ ಹರಡಿಬಿಡುತ್ತದೆ. ಸೋಜಿಗವೆಂದರೆ, ಯಾವ ಹುಳುವೂ ತನ್ನ ಸ್ಥಳವನ್ನು ಬಿಡಲಿಲ್ಲ; ಸಾಗಿದ್ದು ಅಲೆ ಮಾತ್ರ. ಕೆರೆಯ ನೀರೂ ಬಹುಮಟ್ಟಿಗೆ ಇದ್ದೆಡೆಯಲ್ಲಿಯೇ ಏರಿಳಿದು ತರಂಗವನ್ನು ಮುಂದೆ ಕಳುಹಿಸುತ್ತದೆಯಷ್ಟೆ. ಆದರೆ ಒಂದು ಭೇದವುಂಟು. ನೀರಿನ ತರಂಗವು ಬಿದ್ದ ಕಲ್ಲು ಕೊಟ್ಟ ಶಕ್ತಿಯಿಂದ ಸಾಗಿ, ದೂರ ಹೋದಂತೆ ಕುಗ್ಗುತ್ತದೆ. ಇಲ್ಲಿಯಾದರೋ ಪ್ರತಿಯೊಂದು ಹುಳುವೂ ತನ್ನ ಸ್ವಂತ ಶಕ್ತಿಯನ್ನು ವ್ಯಯಮಾಡುತ್ತದೆ. ಮುಂದೆ ಸಾಗುವುದು ಸುದ್ದಿ.

ಈ ಅಲೆಯು ಕಡಜಗಳನ್ನು ಹಿಮ್ಮೆಟ್ಟಿಸುತ್ತದೆಂದು ಆಸ್ಟ್ರಿಯಾದ ಗೆರಾಲ್ಡ್ ಕಾಸ್ಟ್‌ಬರ್ಗರ್ ಮತ್ತು ಅವರ ಸಂಗಡಿಗರು 2008ರಲ್ಲಿ ತೋರಿಸಿದರು. ಕೊಂಡಿಯಿರುವಾಗ ಅಲೆಯೇಕೆ? ಕೊಂಡಿಯ ರಚನೆಯನ್ನು ನೋಡಿದರೆ ಉತ್ತರ ಸಿಗುತ್ತದೆ.

ಕೊಂಡಿಯ ಯಂತ್ರ

ಕೊಂಡಿಯು ಮೊಟ್ಟೆಯಿಡುವ ಅಂಗದಿಂದ ರೂಪುಗೊಂಡುದು; ಆದುದರಿಂದ ಗಂಡು ಜೇನಿಗೆ ಅದಿಲ್ಲ. ಅದರ ಎರಡು ಸೂಕ್ಷ್ಮ ಅಲಗುಗಳಿಗೆ ಹಿಂದಕ್ಕೆ ಬಾಗಿದ ಮುಳ್ಳುಗಳುಂಟು. ಒಂದು ಅಲಗು ಮುಳ್ಳೂರಿ ನಿಂತಾಗ ಮತ್ತೊಂದು ಮುಂದೆ ಸರಿಯುತ್ತದೆ. ಹೀಗೆ ಸರದಿಯ ಮೇಲೆ ಅವು ಚರ್ಮದೊಳಕ್ಕೆ ಇಳಿಯುತ್ತವೆ. ಹುಳು ಬಿಡಿಸಿಕೊಂಡು ಹಾರಲು ಯತ್ನಿಸಿದರೆ ಕೊಂಡಿಯೂ ವಿಷದ ಚೀಲವೂ ಕಿತ್ತು ನಮ್ಮ ಚರ್ಮದಲ್ಲಿಯೇ ಉಳಿಯುತ್ತವೆ, ಹುಳು ಸಾಯುತ್ತದೆ. ಕಡಜವಾದರೋ ಸಾಮಾನ್ಯವಾಗಿ ಕೊಂಡಿಯನ್ನು ಹಿಂದಕ್ಕೆಳೆದುಕೊಂಡು ಮತ್ತೆ ಮತ್ತೆ ಚುಚ್ಚಬಲ್ಲುದು. ಹೆಜ್ಜೇನಿಗೆ ಕೊಂಡಿಯ ಬೆಲೆ ಪ್ರಾಣ. ಏನನ್ನೂ ಕಳೆದುಕೊಳ್ಳದೆ ಶತ್ರುವನ್ನು ಅಟ್ಟುವ ಉಪಾಯವೇ ಅಲೆ.

ಕಿತ್ತುಹೋದ ಮೇಲೂ ಕೊಂಡಿಯ ಸ್ನಾಯುಗಳು ಮಿಡಿಯುತ್ತ ವಿಷವನ್ನು ಒಳಗೆ ತಳ್ಳುತ್ತಿರುತ್ತವೆ. ಜೊತೆಗೆ ಬಾಳೆಹಣ್ಣಿನಂಥ ವಾಸನೆಯ ಐಸೊಪೆಂಟೈಲ್ ಅಸಿಟೇಟ್ ಹೊರಬಿದ್ದು ಉಳಿದ ಹುಳುಗಳನ್ನು ಕರೆಯುತ್ತದೆ. ಆದುದರಿಂದ ಅಲ್ಲಿ ನಿಂತು ಕೈಬೀಸಕೂಡದು. ಮುಖ ಮುಚ್ಚಿಕೊಂಡು ಓಡಿ, ಯಾವುದಾದರೂ ಮನೆಯನ್ನು ಹೊಕ್ಕು ಬಾಗಿಲು ಹಾಕಬೇಕು. ಕೊಂಡಿಯನ್ನು ಹೇಗೆ ತೆಗೆದೆವೆಂಬುದಕ್ಕಿಂತ ಎಷ್ಟು ಬೇಗ ತೆಗೆದೆವೆಂಬುದೇ ಮುಖ್ಯ.

ವಿಷವು ಬರಿಯ ಆಮ್ಲವೆಂದು ಭಾವಿಸಿ ಸುಣ್ಣ ಹಚ್ಚುವ ವಾಡಿಕೆಯುಂಟು. ಒಣಗಿಸಿದ ವಿಷದ ಸುಮಾರು ಅರ್ಧಭಾಗ ಮೆಲಿಟ್ಟಿನ್ ಎಂಬ ಪೆಪ್ಟೈಡು. ಚರ್ಮದಡಿ ಸೇರಿದ ಅದನ್ನು ಮೇಲೆ ಬಳಿದ ಸುಣ್ಣ ಮುಟ್ಟಲಾರದು. ವಿಷ ಒಗ್ಗದವರಿಗೆ ಒಂದೇ ಕಡಿತವೂ ಮಾರಕವಾಗಬಹುದು. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ತಲೆ ಸುತ್ತಿದರೆ ಅಥವಾ ಹಲವು ಹುಳುಗಳು ಕಡಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಂಥ ವಿಷಮಸ್ಥಿತಿಯಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ.

ನಮ್ಮ ಹೊಲಗಳ ಸೂರ್ಯಕಾಂತಿಯಲ್ಲಿ ಕಾಳು ತುಂಬಲು ನೆರವಾಗುವುವೂ ಈ ಹುಳುಗಳೇ. ಇನ್ನೊಮ್ಮೆ ಆ ಕಪ್ಪು ಪರದೆಯ ಮೇಲೆ ಅಲೆಯೆದ್ದುದನ್ನು ಕಂಡರೆ, ಅದನ್ನು ಸುದ್ದಿಯೆಂದೇ ತಿಳಿದು ಮೆಲ್ಲನೆ ಹಿಂದೆ ಸರಿಯಿರಿ.