ಗುಟ್ಟು ಹೊರಬಿದ್ದ ಮೇಲೆ

ಗೆಳತಿಗಷ್ಟೇ ಹೇಳಿಕೊಂಡಿದ್ದ ಮನೆಯ ವಿಷಯ ಒಂಬತ್ತನೇ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡಾಡುತ್ತಿದೆ, ನೀನು ಕ್ಲಾಸಿಗೆ ಕಾಲಿಟ್ಟರೆ ಗುಸುಗುಸು ತಟ್ಟನೆ ನಿಲ್ಲುತ್ತದೆ ಎಂದು ಬರೆದಿದ್ದೀಯ. ಸಿಟ್ಟು ಬರದೆ ಇನ್ನೇನು ಬರುತ್ತದೆ ಪುಟ್ಟಾ?

ಆದರೆ ಅವಳೇ ಬಾಯಿಬಿಟ್ಟಳು ಎಂದು ನಿನಗೆ ಹೇಳಿದವರು ಯಾರು? ಪತ್ರದಲ್ಲಿ ‘ಎಲ್ಲರೂ ಹಾಗೇ ಅಂತಾರೆ’ ಎಂದಷ್ಟೇ ಇದೆ. ಅದೂ ಗಾಳಿಮಾತೇ ಅಲ್ಲವೇ? ಅವಳನ್ನೇ ಕೇಳು. ಒಬ್ಬಳೇ ಸಿಕ್ಕಾಗ, ಎದುರಿಗೆ ನಿಂತು. ಮೆಸೇಜ್ ಬೇಡ, ಅದರ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಊರು ಸುತ್ತಿರುತ್ತದೆ. ‘ನಿನಗೊಬ್ಬಳಿಗೇ ಹೇಳಿದ್ದೆ ಕಣೇ, ಇನ್ಯಾರಿಗಾದ್ರೂ ಹೇಳಿದ್ಯಾ?’ ಅಷ್ಟೇ ಸಾಕು. ಆಮೇಲೆ ನೀನು ಸುಮ್ಮನಿದ್ದು ಅವಳ ಮಾತು ಕೇಳಿಸಿಕೋ. ಹೌದು ಎಂದಳೇ? ಸ್ನೇಹ ಮುರಿಯಲೇಬೇಕೆಂದಿಲ್ಲ. ಬಸ್ಸಿನಲ್ಲಿ ಜೊತೆಗೆ ಬರಬಹುದು, ನೋಟ್ಸ್ ಹಂಚಿಕೊಳ್ಳಬಹುದು. ಮನೆಯ ವಿಷಯ ಮಾತ್ರ ಇನ್ನು ಅವಳಲ್ಲಿ ಆಡಬೇಡ. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ದೊಡ್ಡವರೇ ಒದ್ದಾಡುತ್ತಾರೆ, ಯಾವ ಮದುವೆಮನೆಯಲ್ಲಾದರೂ ನೋಡು.

ಅವಳ ಬಗ್ಗೆಯೂ ಒಂದಿಷ್ಟು ಹಬ್ಬಿಸಿಬಿಡಲೇ ಎಂದು ಕೇಳಿದ್ದೀಯ. ಬೇಡವೇ ಬೇಡ. ನಾಳೆ ವಿಷಯ ಟೀಚರ್ ಮುಂದೆ ಹೋದರೆ ತಪ್ಪಿತಸ್ಥರ ಸಾಲಿನಲ್ಲಿ ನೀನೂ ನಿಂತಿರುತ್ತೀಯ.

ಯಾರಾದರೂ ನಿನ್ನ ಫೋಟೊ ತಿರುಚಿ ಹಾಕಿದರೆ, ಬೆದರಿಸಿದರೆ ಒಂದು ದಿನವೂ ಕಾಯಬೇಡ. ಅವರು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟು ಅಮ್ಮನಿಗೂ ಕ್ಲಾಸ್ ಟೀಚರ್‌ಗೂ ತೋರಿಸು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಊಟ ಸೇರದೆ, ನಿದ್ದೆ ಬಾರದೆ ಒದ್ದಾಡುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.