ಕಣ್ಣು ಹೋಗುವುದಿಲ್ಲ ತಂಗಿ, ಒಣಗಿದೆ

ಡಾಕ್ಟರಮ್ಮ, ನನಗೆ 43 ವರ್ಷ. ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 18 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನುಡಿ ತಂತ್ರಾಂಶದಲ್ಲಿ ಟೈಪಿಂಗ್. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ ಮುಗಿಸಿ ಹೊರಡುವಾಗ ಒಂಬತ್ತಾದದ್ದೂ ಉಂಟು. ಒಂದು ವರ್ಷದಿಂದ ಮಧ್ಯಾಹ್ನ ಮೂರು ಗಂಟೆಯಾಗುತ್ತಲೇ ಕಣ್ಣಲ್ಲಿ ಮರಳು ಹಾಕಿದ ಹಾಗಾಗುತ್ತದೆ. ಮೊದಲು ಉರಿ, ಆಮೇಲೆ ನೀರು. ಸಂಜೆಗೆ ಹುಬ್ಬಿನ ಮೇಲೆ ನೋವು, ಕತ್ತು ಹಿಡಿದಿರುತ್ತದೆ. ಹೋದ ವಾರ ಒಂದು ಪತ್ರಿಕೆಯಲ್ಲಿ ‘ಧನಂಜಯ’ ಹೋಗಿ ‘ದನಂಜಯ’ ಎಂದು ಅಚ್ಚಾಯಿತು. ಮಾಲೀಕರು ಏನೂ ಅನ್ನಲಿಲ್ಲ, ನನಗೇ ಅಳು ಬಂತು. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿದರೆ ಎರಡು ದಿನ ಚೆನ್ನಾಗಿದ್ದು ಮತ್ತೆ ಕೆಂಪಾಗುತ್ತದೆ. ಅತ್ತೆ ರಾತ್ರಿ ಕಣ್ಣಿಗೆ ಹರಳೆಣ್ಣೆ ಬಿಡುತ್ತಾರೆ. ಎರಡು ಸಾವಿರ ಕೊಟ್ಟು ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ಕೊಂಡೆ. ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಮಂಜಾಗಿದೆ. ನನ್ನದೂ ಹಾಗೇ ಹೋಗುತ್ತದಾ? ಕೆಲಸ ಬಿಟ್ಟುಬಿಡಲಾ?

ತಂಗಿ, ಕೆಲಸ ಬಿಡಬೇಡಿ. ಕಂಪ್ಯೂಟರ್ ನೋಡಿದ್ದರಿಂದ ಯಾರ ಕಣ್ಣೂ ಕುರುಡಾಗುವುದಿಲ್ಲ. ನಿಮ್ಮ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದ ಕಾಲವನ್ನು ಕಂಡ ಮನೆಗಳಲ್ಲಿ ಕಣ್ಣು ಮಂಜಾಯಿತು ಎಂದರೆ ಇವತ್ತಿಗೂ ಎದೆ ನಡುಗುತ್ತದೆ. ಕಣ್ಣು ಕಸಿಯುವುದು ಪೊರೆ, ಕಣ್ಣಿನ ಒತ್ತಡ, ಸಕ್ಕರೆ ಕಾಯಿಲೆಯಂಥವು. ನಿಮ್ಮ ಮಾನಿಟರ್ ಆ ಪಟ್ಟಿಯಲ್ಲಿಲ್ಲ. ಆದರೆ ನಿಮ್ಮ ಸಂಕಟ ನಿಜವಾದದ್ದು. ಅದಕ್ಕೆ ಕಾರಣ ಎರಡು, ಎರಡಕ್ಕೂ ದಾರಿ ಇದೆ.

ಮೊದಲನೆಯದು ಒಣಗುವಿಕೆ. ನೀರು ಸುರಿಯುವ ಕಣ್ಣು ಒಣಗಿದೆ ಎಂದರೆ ನಂಬುವುದು ಕಷ್ಟ. ನಮ್ಮ ಕಣ್ಣಿನ ಮೇಲೆ ಸದಾ ಒಂದು ತೆಳು ಪೊರೆಯಂತೆ ಕಣ್ಣೀರು ಹರಡಿರುತ್ತದೆ. ಅದರ ಮೇಲ್ಪದರ ಎಣ್ಣೆ. ರೆಪ್ಪೆಯಂಚಿನ ಸಣ್ಣ ಗ್ರಂಥಿಗಳು ಕೊಡುವ ಆ ಎಣ್ಣೆ ಕೆಳಗಿನ ನೀರು ಆರಿಹೋಗದಂತೆ ಕಾಯುತ್ತದೆ. ರೆಪ್ಪೆ ಬಡಿದಾಗಲೆಲ್ಲ ಈ ಪದರ ಹೊಸದಾಗಿ ಸವರಿಕೊಳ್ಳುತ್ತದೆ. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಪದರ ಹರಿದು, ಕಣ್ಣು ಉರಿದು, ಆ ಉರಿಗೆ ಕಣ್ಣೀರ ಗ್ರಂಥಿ ಗಾಬರಿಬಿದ್ದು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆಯಂಶ ಸಾಲದು. ಕೆನ್ನೆಗಿಳಿದು ಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ.

ನಿಮಿಷ ಎಂಬ ಮಾತಿಗೆ ಮೊದಲ ಅರ್ಥವೇ ರೆಪ್ಪೆ ಬಡಿತ. ರೆಪ್ಪೆ ಬಡಿಯದವರು ದೇವತೆಗಳು, ಅದಕ್ಕೇ ಅವರಿಗೆ ಅನಿಮಿಷರೆಂದು ಹೆಸರು. ಎವೆಯಿಕ್ಕದೆ ದುಡಿಯುವುದನ್ನು ನಾವು ಮೆಚ್ಚಿಕೊಂಡು ಹೇಳುತ್ತೇವಲ್ಲ, ನಿಮ್ಮ ಕಣ್ಣಿನ ಮಟ್ಟಿಗೆ ಆ ಮೆಚ್ಚುಗೆ ಬೇಡ. ಒಂದು ಪ್ಯಾರಾ ಟೈಪ್ ಮಾಡಿ ಸೇವ್ ಕೊಡುವಾಗಲೆಲ್ಲ ರೆಪ್ಪೆ ಪೂರ್ತಿ ಮುಚ್ಚಿ, ಮೆಲ್ಲಗೆ ತೆರೆಯಿರಿ. ಹೀಗೆ ನಾಲ್ಕೈದು ಸಲ. ಸೇವ್ ಕೊಡುವುದು ನಿಮಗೆ ಹೇಗೂ ರೂಢಿ, ಅದರ ಬೆನ್ನಿಗೇ ಇದನ್ನೂ ಕಟ್ಟಿಬಿಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನದನ್ನು ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನವರು ಹೇಳುತ್ತಾರೆ. ಪ್ರೆಸ್ಸಿನೊಳಗೆ ಅಷ್ಟು ದೂರ ಸಿಗದಿದ್ದರೆ ಬಾಗಿಲಾಚೆ ಎದುರು ಅಂಗಡಿಯ ಬೋರ್ಡು ಸಾಕು. ಇನ್ನು ಫ್ಯಾನು. ನೇರ ಮುಖಕ್ಕೇ ಬೀಸುವ ಗಾಳಿ ಕಣ್ಣನ್ನು ಬೇಗ ಆರಿಸುತ್ತದೆ. ಕುರ್ಚಿಯನ್ನು ಎರಡಡಿ ಸರಿಸಿಕೊಳ್ಳಲು ಮಾಲೀಕರನ್ನು ಸಂಕೋಚಪಡದೆ ಕೇಳಿ. ತಪ್ಪಾದಾಗ ಬೈಯದ ಮನುಷ್ಯ ಇದಕ್ಕೆ ಇಲ್ಲವೆನ್ನುವುದಿಲ್ಲ.

ಆ ಡ್ರಾಪ್ಸ್ ಇವತ್ತೇ ನಿಲ್ಲಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೆಂಪು ಇಳಿಸುವ ಕೆಲವು ಹನಿಗಳು ರಕ್ತನಾಳವನ್ನು ಬಿಗಿದು ಕಣ್ಣನ್ನು ಬೆಳ್ಳಗೆ ಮಾಡುತ್ತವೆ, ಪರಿಣಾಮ ಇಳಿದೊಡನೆ ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ. ಇನ್ನು ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ಅದನ್ನು ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಪರದೆ ಮಾಡದ ಹಾನಿಯನ್ನು ಅದು ಮಾಡಬಲ್ಲದು. ಬಾಟಲಿಯನ್ನು ಎಸೆಯದೆ ಡಾಕ್ಟರಿಗೆ ತೋರಿಸಿ. ನಿಮಗೆ ಬೇಕಾಗಬಹುದಾದದ್ದು ಕೃತಕ ಕಣ್ಣೀರು. ಅತ್ತೆಯವರ ಪ್ರೀತಿ ದೊಡ್ಡದು, ಹರಳೆಣ್ಣೆಯನ್ನು ನೆತ್ತಿಗೆ ತಟ್ಟಲಿ, ಕಣ್ಣೊಳಗೆ ಬೇಡ. ಅದರ ಬದಲು ರಾತ್ರಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಇಟ್ಟುಕೊಡಲಿ. ಶಾಖಕ್ಕೆ ರೆಪ್ಪೆಯಂಚಿನ ಗಟ್ಟಿ ಎಣ್ಣೆ ಕರಗುತ್ತದೆ.

ಎರಡನೆಯ ಕಾರಣ ನಿಮ್ಮ ಪತ್ರದ ಮೊದಲ ಸಾಲಿನಲ್ಲೇ ಇದೆ: 43. ಚಾಳೀಸು ಬಂದಿದೆ. ಕಣ್ಣೊಳಗಿನ ಮಸೂರ ನಲವತ್ತರ ಹೊತ್ತಿಗೆ ಬಿರುಸಾಗಿ, ಹತ್ತಿರದ್ದನ್ನು ನೋಡುವಾಗ ಮೊದಲಿನಷ್ಟು ಉಬ್ಬುವುದಿಲ್ಲ. ಇದು ಎಲ್ಲರಿಗೂ ಬರುವಂಥದ್ದು, ಪರದೆಯಿಂದ ಬಂದದ್ದಲ್ಲ. ಆದರೆ ನೀವು ಮಾಡುವ ಕೆಲಸ ನೋಡಿ. ಮೇಜಿನ ಮೇಲೆ ಮಲಗಿಸಿಟ್ಟ ಹಸ್ತಪ್ರತಿ ಒಂದಡಿಯಲ್ಲಿ, ಪರದೆ ಎರಡಡಿಯಲ್ಲಿ. ದಿನಕ್ಕೆ ಸಾವಿರ ಸಲ ಕಣ್ಣು ಇಲ್ಲಿಂದ ಅಲ್ಲಿಗೆ ಹೋಗಿ ಬರುತ್ತದೆ. ಪ್ರತಿ ಸಲವೂ ಒಳಗಿನ ಸ್ನಾಯು ಹಿಡಿದು ಬಿಡಬೇಕು. ಹುಬ್ಬಿನ ಮೇಲಿನ ನೋವು ಆ ಸ್ನಾಯುವಿನ ದೂರು. ಮೇಲಾಗಿ ಕನ್ನಡದ ಅಕ್ಷರ. ದ ಮತ್ತು ಧ ನಡುವೆ ಇರುವುದು ಅಡಿಯ ಒಂದು ಸಣ್ಣ ಸೀಳು. ಬ–ಭ, ಡ–ಢ ಕಥೆಯೂ ಅದೇ. ಅದರ ಕೆಳಗೆ ಒತ್ತಕ್ಷರ ಇನ್ನೂ ಚಿಕ್ಕದು. ಧನಂಜಯ ತಪ್ಪಿದ್ದಕ್ಕೆ ಅಳಬೇಡಿ. ಮೂರು ಗಂಟೆಯ ಮೇಲಿನ ನಿಮ್ಮ ಕಣ್ಣಿಗೆ ಆ ಸೀಳು ಕಾಣಿಸಿಯೇ ಇಲ್ಲ.

ಹಾಗಾಗಿ ಟೈಪ್ ಮಾಡುವಾಗ ಪುಟವನ್ನು ಪರದೆಯಲ್ಲಿ ಶೇಕಡಾ 150ಕ್ಕೋ 175ಕ್ಕೋ ಹಿಗ್ಗಿಸಿಕೊಳ್ಳಿ, ಅಚ್ಚಿನ ಅಳತೆ ಬದಲಾಗದು. ಹಸ್ತಪ್ರತಿಯನ್ನು ಒಂದು ರಟ್ಟಿಗೆ ಕ್ಲಿಪ್ ಹಾಕಿ ಮಾನಿಟರ್ ಪಕ್ಕದಲ್ಲೇ, ಅದರಷ್ಟೇ ದೂರದಲ್ಲಿ ನಿಲ್ಲಿಸಿ. ಈ ರಟ್ಟು ನಿಮಗೆ ಕೊಡುವ ಆರಾಮವನ್ನು ದುಬಾರಿ ಕನ್ನಡಕ ಕೊಡಲಾರದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ನೋಟ ಕೆಳಮುಖವಾದರೆ ರೆಪ್ಪೆಯೂ ಇಳಿದು ಕಣ್ಣು ಕಡಿಮೆ ಒಣಗುತ್ತದೆ. ಬೆನ್ನ ಹಿಂದಿನ ಟ್ಯೂಬ್‌ಲೈಟ್ ಪರದೆಯಲ್ಲಿ ಹೊಳೆಯದಂತೆ ಮಾನಿಟರ್ ಸ್ವಲ್ಪ ತಿರುಗಿಸಿ.

ನೀಲಿ ಬೆಳಕಿನ ಕನ್ನಡಕದ ಎರಡು ಸಾವಿರ ಹೋಯಿತು, ಬಿಡಿ. 17 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವರದಿಗೂ, ಸಾದಾ ಗಾಜಿಗಿಂತ ಅದು ಕಣ್ಣಿನ ಆಯಾಸ ಇಳಿಸುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ನಿಮಗೆ ಬೇಕಾದದ್ದು ಸರಿಯಾದ ನಂಬರು. ಅದಕ್ಕೆ ಹೋಗುವ ಮುಂಚೆ ಟೇಪು ಹಿಡಿದು, ಕೆಲಸದ ಭಂಗಿಯಲ್ಲಿ ಕುಳಿತು, ಕಣ್ಣಿನಿಂದ ಪರದೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು ಬರೆದುಕೊಳ್ಳಿ. ಓದುವ ಕನ್ನಡಕದ ನಂಬರು ಸುಮಾರು 40 ಸೆಂ.ಮೀ.ಗೆ ಕೊಡುವಂಥದ್ದು. 60–65 ಸೆಂ.ಮೀ.ಯ ಪರದೆಗೆ ಅಷ್ಟು ಬೇಡ. ಬೈಫೋಕಲ್ ಕೊಟ್ಟರೆ ಕೆಳಗಿನ ಗಾಜಿನಿಂದ ಪರದೆ ನೋಡಲು ಗದ್ದ ಎತ್ತಿ ಕೂರುತ್ತೀರಿ, ಕತ್ತು ಇನ್ನಷ್ಟು ಹಿಡಿಯುತ್ತದೆ. ಕೆಲಸಕ್ಕೆಂದೇ ಒಂದು ಜೊತೆ ಬೇರೆ ಕೇಳಿ.

ಕಣ್ಣಿನ ಅಂಗಡಿಯ ಕಂಪ್ಯೂಟರ್ ಟೆಸ್ಟಿಗೆ ನಿಲ್ಲಿಸದೆ, ಈ ತಿಂಗಳೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಕಣ್ಣಿನ ಒತ್ತಡ ನೋಡಿಸಿ. ಅಮ್ಮನಿಗೆ ಸಕ್ಕರೆ ಇರುವುದರಿಂದ ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿ, ಅಮ್ಮನ ಇನ್ನೊಂದು ಕಣ್ಣನ್ನು ವರ್ಷಕ್ಕೊಮ್ಮೆಯಾದರೂ ತಪ್ಪದೆ ತೋರಿಸಿ. ಮಧ್ಯೆ ಎಂದಾದರೂ ಮಿಂಚು ಹೊಳೆದಂತಾದರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ತೇಲಿದರೆ, ಪರದೆ ಇಳಿದಂತೆ ನೋಟ ಮುಚ್ಚಿದರೆ ಅದೇ ದಿನ ಹೋಗಬೇಕು. ಈ ತಿಂಗಳ ತಪಾಸಣೆಯಲ್ಲಿ ಪಾಪೆ ಅಗಲವಾಗಲು ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದೆಲ್ಲ ಮಸುಕು. ಆ ದಿನ ರಜೆ ಹಾಕಿ, ಸ್ಕೂಟಿ ಮನೆಯಲ್ಲೇ ಬಿಟ್ಟು, ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಕಣ್ಣನ್ನೂ ಒಮ್ಮೆ ನೋಡಿಸಿದಂತಾಗುತ್ತದೆ.