ಕ್ರೌರ್ಯದ ಮುಖ, ಮರುಕದ ದನಿ

ಪ್ರಶ್ನೆ: 'ದ ಲಾಸ್ಟ್ ಹೌಸ್ ಆನ್ ದ ಲೆಫ್ಟ್' ಚಿತ್ರ ನೋಡಿ ನಿದ್ದೆಗೆಟ್ಟೆ. ಅದರ ಕೊಲೆಗಡುಕ ಕ್ರೂಗ್‌ನ ಪಾತ್ರಧಾರಿಯೇ ಚಿತ್ರದ ಮೆಲುದನಿಯ ಹಾಡುಗಳನ್ನೂ ಹಾಡಿದ್ದಾರಂತೆ. ನಿಜವೇ? ಯಾರವರು?

ಉತ್ತರ: ನಿಜ. ಅವರು ಡೇವಿಡ್ ಹೆಸ್. ಹಾಡಿದ್ದಷ್ಟೇ ಅಲ್ಲ, ಆ ಹಾಡುಗಳನ್ನು ಕಟ್ಟಿದವರೂ ಅವರೇ.

1936ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹೆಸ್ ನಟರಾಗುವ ಎಷ್ಟೋ ಮೊದಲೇ ಹಾಡುಗಾರರು. 1956ರಲ್ಲಿ ಡೇವಿಡ್ ಹಿಲ್ ಎಂಬ ಹೆಸರಿನಲ್ಲಿ, ಓಟಿಸ್ ಬ್ಲ್ಯಾಕ್‌ವೆಲ್ ರಚಿಸಿದ 'ಆಲ್ ಶುಕ್ ಅಪ್' ಹಾಡನ್ನು ಧ್ವನಿಮುದ್ರಿಸಿದರು. ಮರುವರ್ಷ ಎಲ್ವಿಸ್ ಪ್ರೀಸ್ಲಿ ಅದನ್ನೇ ಹಾಡಿದಾಗ ಅಮೆರಿಕವೆಲ್ಲ ಕುಣಿಯಿತು. ಮೊದಲು ಹಾಡಿದವರ ಹೆಸರು ಮರೆಯಲ್ಲೇ ಉಳಿಯಿತು. ಆಮೇಲೆ ಎಲ್ವಿಸ್‌ಗಾಗಿ 'ಐ ಗಾಟ್ ಸ್ಟಂಗ್' ಬರೆಯುವಲ್ಲಿ ಜೊತೆಯಾದರು. 1962ರಲ್ಲಿ ಪ್ಯಾಟ್ ಬೂನ್ ಹಾಡಿ ಜನಪ್ರಿಯವಾದ 'ಸ್ಪೀಡಿ ಗೊನ್ಸಾಲೆಸ್'ನ ರಚನೆಯಲ್ಲೂ ಅವರ ಪಾಲಿದೆ. ಇದರ ನಡುವೆ ಕ್ಯಾಪ್ ಎಂಬ ಧ್ವನಿಮುದ್ರಿಕೆ ಕಂಪನಿಗಾಗಿ ಜನಪದ ಧಾಟಿಯ ಹಾಡುಗಳನ್ನು ತಾವೇ ಹಾಡಿದರು.

1972ರಲ್ಲಿ ನಿರ್ದೇಶಕ ವೆಸ್ ಕ್ರೇವನ್ ತಮ್ಮ ಮೊದಲ ಚಿತ್ರಕ್ಕೆ ಈ ಗಾಯಕನನ್ನು ಕ್ರೂಗ್ ಆಗಿಸಿದರು. ಹಿಂಸೆ ನಡೆದು ಮುಗಿದ ಮೇಲೆ ಮಾರಿ ಎಂಬ ಹುಡುಗಿ ಕೆರೆಯ ನೀರಿಗಿಳಿಯುವ ಗಳಿಗೆ ನೆನಪಿದೆಯೇ? ದಡದಲ್ಲಿ ಪಿಸ್ತೂಲು ಹಿಡಿದವರು ಹೆಸ್. ಹಿನ್ನೆಲೆಯಲ್ಲಿ ಅವಳ ಒಂಟಿತನಕ್ಕೆ ಮರುಗುವ ದನಿಯೂ ಹೆಸ್ ಅವರದೇ. ಇನ್ನೊಂದೆಡೆ, ಕೊಲೆಗಡುಕರ ಕಾರು ಓಡುವಾಗ ಅವರ ಹೆಸರು ಹಿಡಿದೇ ಹಾಡುವ ಹುರುಪಿನ ಹಾಡೊಂದು ಬರುತ್ತದೆ. ನಿಮ್ಮ ನಿದ್ದೆ ಕೆಡಿಸಿದ್ದು ರಕ್ತಕ್ಕಿಂತ ಹೆಚ್ಚಾಗಿ ಈ ಹಾಡುಗಳೇ ಇರಬೇಕು. ಭಯದ ಸಂಗೀತ ಬಂದರೆ ಮನಸ್ಸು ಮೊದಲೇ ಸಜ್ಜಾಗುತ್ತದೆ. ಜೋಗುಳದಂಥ ದನಿ ಬಂದರೆ ಮನಸ್ಸಿಗೆ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ.

ಈ ಕಥೆಯ ಬೇರಿರುವುದೂ ಜನಪದ ಹಾಡಿನಲ್ಲೇ. ಕ್ರೇವನ್‌ಗೆ ಎಳೆ ಸಿಕ್ಕಿದ್ದು ಇಂಗ್‌ಮಾರ್ ಬರ್ಗ್‌ಮನ್‌ರ 'ದ ವರ್ಜಿನ್ ಸ್ಪ್ರಿಂಗ್' (1960) ಚಿತ್ರದಿಂದ. ಬರ್ಗ್‌ಮನ್‌ಗೆ ಸಿಕ್ಕಿದ್ದು ಹಳೆಯ ಸ್ವೀಡಿಷ್ ಕಥನಗೀತೆಯಿಂದ. ಕಾಡಿನಲ್ಲಿ ಹೆಣ್ಣುಮಕ್ಕಳನ್ನು ಕೊಂದವರು ಗೊತ್ತಿಲ್ಲದೆ ಅವರ ತಂದೆಯ ಮನೆಯಲ್ಲೇ ರಾತ್ರಿ ತಂಗುವ ಕಥೆ ಅದು. ಇಂಥ ಘೋರವನ್ನು ಜನ ಹಿಂದಿನಿಂದಲೂ ಸರಳ ರಾಗದಲ್ಲೇ ಹಾಡಿಕೊಂಡು ಬಂದಿದ್ದಾರೆ. ಹೆಸ್‌ಗೆ ಆ ಗುಟ್ಟು ಗೊತ್ತಿತ್ತು.

ಕ್ರೂಗ್‌ನ ನೆರಳು ಮಾತ್ರ ಅವರನ್ನು ಬಿಡಲಿಲ್ಲ. ಇಟಲಿಯ 'ಹಿಚ್-ಹೈಕ್' (1977), ರುಜ್ಜೆರೊ ದೆಯೊದಾತೊ ಅವರ 'ದ ಹೌಸ್ ಆನ್ ದ ಎಡ್ಜ್ ಆಫ್ ದ ಪಾರ್ಕ್' (1980) ಎರಡರಲ್ಲೂ ಕ್ರೂರಿಯ ಪಾತ್ರವೇ. 1980ರಲ್ಲಿ 'ಟು ಆಲ್ ಎ ಗುಡ್‌ನೈಟ್' ನಿರ್ದೇಶಿಸಿದರು. 2002ರ 'ಕ್ಯಾಬಿನ್ ಫೀವರ್' ಚಿತ್ರದಲ್ಲಿ ನಿರ್ದೇಶಕ ಈಲೈ ರಾತ್, ಹೆಸ್‌ರ ಹಳೆಯ ಹಾಡುಗಳನ್ನು ಮತ್ತೆ ಬಳಸಿದಾಗ ಹೊಸ ತಲೆಮಾರು ಹಾಡುಗಾರ ಹೆಸ್‌ರನ್ನು ಕಂಡುಕೊಂಡಿತು. 2011ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ತೀರಿಕೊಂಡರು.

ಚಿತ್ರವನ್ನು ಮತ್ತೆ ನೋಡುವ ಧೈರ್ಯವಿಲ್ಲದಿದ್ದರೆ ಬೇಡ. ಆ ಕೆರೆಯ ಹಾಡನ್ನಷ್ಟೇ ಕಣ್ಣುಮುಚ್ಚಿ ಕೇಳಿ. ಕ್ರೂಗ್ ಅಲ್ಲೆಲ್ಲೂ ಇಲ್ಲ. ಆ ದನಿ ಹುಡುಗಿಯ ಜೊತೆಗೇ ನಡೆಯುತ್ತದೆ, ನೀರಿನ ತನಕ.